ಫೆಬ್ರವರಿ ಮೂವತ್ತರ ನಲವತ್ತೊಂದು ಮಂದಿ

ಅತ್ತೆ ಸೊಸೆ ಜಗಳ ಅಡುಗೆಮನೆಯಲ್ಲಿ ಶುರುವಾಗುತ್ತದೆ ಎನ್ನುವವರು ಒಮ್ಮೆ ನಮ್ಮ ಮನೆಗೆ ಬಂದು ನೋಡಬೇಕು. ಅಡುಗೆಮನೆಯ ವಿಷಯದಲ್ಲಿ ನಮ್ಮಿಬ್ಬರಿಗೂ ಪೂರ್ತಿ ಒಮ್ಮತ: ಇಬ್ಬರಿಗೂ ಅಲ್ಲಿ ಕಾಲಿಡಲು ಇಷ್ಟವಿಲ್ಲ. ಹಾಗಾಗಿ ಅದು ನನ್ನ ಗಂಡನ ಪಾಲಿಗೆ ಬಂದಿದೆ, ಈಗ ನಾವು ಕೇಳಿದರೂ ಅವನು ಬಿಟ್ಟುಕೊಡುವುದಿಲ್ಲ. ನಮ್ಮ ಜಗಳ ನಡೆದದ್ದು ಹದಿನೆಂಟು ವರ್ಷ ಹಳೆಯ ಒಂದು ಪ್ರೋಗ್ರಾಮಿನ ವಿಷಯಕ್ಕೆ. ಅದನ್ನು ಬರೆದವರು ಅತ್ತೆ. ಕಿತ್ತು ಹೊಸದಾಗಿ ಕಟ್ಟಬೇಕಾಗಿ ಬಂದವಳು ನಾನು.

ನನ್ನ ಕಸುಬೇ ಅದು. ಹಳೆಯ ವೆಬ್‌ಸೈಟುಗಳನ್ನು ಹೊಸ ಭಾಷೆಗೋ, ಅದೇ ಭಾಷೆಯ ಹೊಸ ಆವೃತ್ತಿಗೋ ಸಾಗಿಸುತ್ತೇನೆ. ಮನೆ ಬದಲಾಯಿಸುವವರ ಮಂಚ, ಬೀರು ಹೊತ್ತು ಹಾಕುವವರು ಇರುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದೇ ಕೆಲಸ. ಆದರೆ ಇಲ್ಲಿ ಸಾಮಾನು ಯಾವುದು, ಗೋಡೆ ಯಾವುದು ಎಂದು ಕಂಡುಹಿಡಿಯುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತದೆ. ಹಳೆಯದನ್ನು ಬರೆದ ಪುಣ್ಯಾತ್ಮರು ಸಾಮಾನ್ಯವಾಗಿ ಕೆಲಸ ಬಿಟ್ಟು ಎಲ್ಲೋ ಹೋಗಿರುತ್ತಾರೆ, ಎಷ್ಟು ಬೈದರೂ ಅವರಿಗೆ ಕೇಳಿಸುವುದಿಲ್ಲ. ಹನ್ನೊಂದು ವರ್ಷ ಹೀಗೆ ಕಾಣದವರನ್ನು ಬೈದು ಬೈದು ನನ್ನ ನಾಲಿಗೆ ಸ್ವಲ್ಪ ಉದ್ದವಾಗಿದೆ. ಈ ಸಲ ಮಾತ್ರ ಬೈಸಿಕೊಳ್ಳಬೇಕಾದವರು ದಿನಾ ಎರಡು ಹೊತ್ತು ನನ್ನ ಎದುರಿಗೇ ಕೂತು ಊಟ ಮಾಡುತ್ತಿದ್ದರು.

ಅತ್ತೆಗೆ ಅರವತ್ತೆಂಟು. ನಿವೃತ್ತಿಯಾದ ಮೇಲೆ ಬೆಳಿಗ್ಗೆ ಕ್ಲಬ್ಬಿಗೆ ಹೋಗಿ ಟೇಬಲ್ ಟೆನಿಸ್ ಆಡುತ್ತಾರೆ, ಮಧ್ಯಾಹ್ನ ಅಲ್ಲಿ ಸೋತವರ ಹೆಸರುಗಳನ್ನು ನಮಗೆ ಓದಿ ಹೇಳುತ್ತಾರೆ. ಕೆಲಸದಲ್ಲಿದ್ದಾಗ ಅವರು ಸಲಕರಣೆ ಕೇಂದ್ರಕ್ಕೆ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದರು. ಕೇಂದ್ರ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಕಾಲು ಮುರಿದವರು, ಆಪರೇಷನ್ ಆದವರು, ಹಾಸಿಗೆ ಹಿಡಿದವರು, ಯಾರು ಬಂದು ಕೇಳಿದರೂ ಅಲ್ಲಿ ವೀಲ್‌ಚೇರು, ವಾಕರ್, ಊರುಗೋಲು, ತಲೆಭಾಗ ಎತ್ತಿ ಇಳಿಸುವ ಮಂಚ ಎಲ್ಲ ಪುಕ್ಕಟೆಯಾಗಿ ಕೊಡುತ್ತಾರೆ. ಬೇಕಾದಷ್ಟು ದಿನ ಬಳಸಿ ಹಿಂತಿರುಗಿಸಬೇಕು. ಯಾರು ಏನು ಒಯ್ದರು, ಯಾವಾಗ ತರಬೇಕು ಎಂದು ಬರೆದಿಡುವುದು, ಆ ದಿನ ಬಂದಾಗ ಅವರ ಫೋನಿಗೆ ಒಂದು ಸಂದೇಶ ಕಳಿಸುವುದು, ಇಷ್ಟು ಅತ್ತೆಯ ಪ್ರೋಗ್ರಾಮಿನ ಕೆಲಸ. ಹದಿನೆಂಟು ವರ್ಷ ಅದು ಕೆಮ್ಮದೆ ಸೀನದೆ ನಡೆದಿತ್ತು. ಈಗ ಸರ್ವರಿನ ಕಂಪನಿಯವರು, ತಿಂಗಳ ಕೊನೆಗೆ ಆ ಹಳೆಯ ಆವೃತ್ತಿಯನ್ನು ನಿಲ್ಲಿಸುತ್ತೇವೆ, ಆಮೇಲೆ ನಿಮ್ಮ ಸೈಟು ತೆರೆಯುವುದಿಲ್ಲ ಎಂದು ಪತ್ರ ಹಾಕಿದ್ದರು. ಕೇಂದ್ರದವರು ನೇರವಾಗಿ ಅತ್ತೆಗೆ ಫೋನ್ ಮಾಡಿದರು. ಅತ್ತೆ ಫೋನನ್ನು ನನ್ನ ಕೈಗಿಟ್ಟು ಬ್ಯಾಟ್ ತೆಗೆದುಕೊಂಡು ಹೊರಟುಬಿಟ್ಟರು.

ಕೋಡನ್ನು ತೆರೆದ ಮೊದಲ ದಿನವೇ ನನ್ನ ನಾಲಿಗೆ ತುರಿಸತೊಡಗಿತು. ಅತ್ತೆ ಎಲ್ಲಕ್ಕೂ ನೆಂಟರ ಹೆಸರಿಟ್ಟಿದ್ದರು. ಮಾಹಿತಿಯನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಜಾಗಗಳಿಗೆ ನಾದಿನಿ ಒಂದು, ನಾದಿನಿ ಎರಡು ಎಂದು ಹೆಸರು. ಕೊಟ್ಟದ್ದು ಸುಲಭಕ್ಕೆ ವಾಪಸು ಬರುವುದಿಲ್ಲ, ಆಗಾಗ ಖಾಲಿ ಮಾಡಿಸಬೇಕು ಎಂದು ಪಕ್ಕದಲ್ಲಿ ಟಿಪ್ಪಣಿ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತ ಸುತ್ತುವ ಒಂದು ಭಾಗಕ್ಕೆ ಭಾವ ಎಂದು ಹೆಸರು. ಸೊಸೆ ಎಂಬುದೇನಾದರೂ ಇದೆಯೇ ಎಂದು ಎದೆ ಗಟ್ಟಿ ಮಾಡಿಕೊಂಡು ಹುಡುಕಿದೆ. ಇರಲಿಲ್ಲ. ಅದನ್ನು ಬರೆಯುವಾಗ ನಾನಿನ್ನೂ ಈ ಮನೆಗೆ ಬಂದಿರಲಿಲ್ಲ, ಬದುಕಿಕೊಂಡೆ.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆಯ ಕಾಲೆಳೆದೆ. ನಾದಿನಿಯರನ್ನೆಲ್ಲ ತೆಗೆದುಹಾಕಿದ್ದೇನೆ, ಭಾವನಿಗೂ ನಾಳೆ ವಿಶ್ರಾಂತಿ ಎಂದೆ. ಅತ್ತೆ ನಕ್ಕರು. ಆಮೇಲೆ ನಗು ನಿಲ್ಲಿಸಿ, "ನೆಂಟರನ್ನ ಬೇಕಾದ್ರೆ ತೆಗಿ. ಆದ್ರೆ ಬೇರೆ ಏನು ತೆಗಿಯೋ ಮುಂಚೆನೂ ನನ್ನನ್ನ ಒಂದು ಮಾತು ಕೇಳು" ಎಂದರು.

ಇದು ನನ್ನ ಅಹಂಕಾರಕ್ಕೆ ತಾಗಿತು. ಹನ್ನೊಂದು ವರ್ಷದಲ್ಲಿ ಯಾರನ್ನೂ ಕೇಳದೆ ಮೂವತ್ತಕ್ಕೂ ಹೆಚ್ಚು ಸೈಟುಗಳನ್ನು ಸಾಗಿಸಿದವಳು, ಮನೆಯವರೇ ಬರೆದ ಒಂದು ಪುಟ್ಟ ಪ್ರೋಗ್ರಾಮಿಗೆ ಕೈಕಟ್ಟಿ ನಿಲ್ಲಬೇಕೆ? ನಿಮ್ಮನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಮುಗಿಸುತ್ತೇನೆ, ನೋಡುತ್ತಿರಿ ಎಂದುಬಿಟ್ಟೆ. ನಮ್ಮಿಬ್ಬರ ಜಗಳದಲ್ಲಿ ಎಂದೂ ತಲೆ ಹಾಕದ ನನ್ನ ಗಂಡ ಆಗ ಮಾತ್ರ ಬಾಯಿಬಿಟ್ಟು, ಸೋತವರು ಒಂದು ತಿಂಗಳು ಪಾತ್ರೆ ತೊಳೆಯಬೇಕು ಎಂದು ತನಗೆ ಅನುಕೂಲವಾಗುವ ಪಣವೊಂದನ್ನು ಸೂಚಿಸಿದ. ಅತ್ತೆ ಒಪ್ಪಿದರು. ನಾನೂ ಒಪ್ಪಿದೆ.

ಎರಡು ವಾರ ನಾನು ಕೇಂದ್ರದಲ್ಲೇ ಕೂತು ಕೆಲಸ ಮಾಡಿದೆ. ಉದ್ದನೆಯ ಹಾಲು. ಒಂದು ಗೋಡೆಗೆ ವಾಕರುಗಳನ್ನು ಸಾಲಾಗಿ ಮೊಳೆಗಳಿಗೆ ನೇತುಹಾಕಿದ್ದರು, ಇನ್ನೊಂದು ಕಡೆ ಮಡಿಸಿದ ವೀಲ್‌ಚೇರುಗಳ ಸಾಲು. ಎಲ್ಲೆಲ್ಲೂ ರಬ್ಬರಿನ ಮತ್ತು ಫಿನಾಯಿಲಿನ ವಾಸನೆ. ಮುಂಬಾಗಿಲ ಹತ್ತಿರ ಕೌಂಟರು, ಕೌಂಟರಿನ ಹಿಂದೆ ಸ್ಟೋರಮ್ಮ. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತೇನೋ. ಇಪ್ಪತ್ತೆರಡು ವರ್ಷದಿಂದ ಸ್ಟೋರು ನೋಡಿಕೊಳ್ಳುತ್ತಿದ್ದ ಅವರನ್ನು ದೊಡ್ಡವರು ಚಿಕ್ಕವರು ಎಲ್ಲ ಹಾಗೆಯೇ ಕರೆಯುತ್ತಿದ್ದರು. ಬಂದವರು ತಮ್ಮ ಹೆಸರು, ವಿಳಾಸ ಸರಿಯಾಗಿದೆಯೇ ಎಂದು ನೋಡಿಕೊಳ್ಳಲಿ ಎಂದು ಅವರು ಕಂಪ್ಯೂಟರಿನ ಪರದೆಯನ್ನು ಬಂದವರ ಕಡೆಗೇ ತಿರುಗಿಸಿ, ತಾವು ಕತ್ತು ಓರೆ ಮಾಡಿಕೊಂಡು ಟೈಪು ಮಾಡುತ್ತಿದ್ದರು. ಕೊನೆಗೆ ಒಂದು ಚೀಟಿ ಅಚ್ಚಾಗಿ ಬರುತ್ತಿತ್ತು. ಅದರಲ್ಲಿ ಹೆಸರು, ಸಲಕರಣೆ, ಹಿಂತಿರುಗಿಸುವ ತಾರೀಖು.

ತಾರೀಖಿನಲ್ಲೇ ನಾನು ಎಡವಿದ್ದು. ಹಳೆಯ ಭಾಷೆ ಭೋಳೆ ಸ್ವಭಾವದ್ದು, ಅತ್ತೆ ಅದರಲ್ಲಿ ತಾರೀಖನ್ನು ಬರೀ ಅಕ್ಷರಗಳ ಹಾಗೆ ಇಟ್ಟಿದ್ದರು, ಏನು ಬರೆದರೂ ಅದು ನುಂಗಿಕೊಳ್ಳುತ್ತಿತ್ತು. ನಾನು ಆರಿಸಿಕೊಂಡ ಹೊಸ ವ್ಯವಸ್ಥೆ ಕಟ್ಟುನಿಟ್ಟಿನದು, ಕ್ಯಾಲೆಂಡರಿನಲ್ಲಿ ಇಲ್ಲದ ದಿನವನ್ನು ಒಳಗೆ ಬಿಡುವುದಿಲ್ಲ. ಹಳೆಯ ದಾಖಲೆಗಳನ್ನೆಲ್ಲ ಹೊಸದಕ್ಕೆ ಸುರಿದಾಗ ಸಾವಿರಾರು ಸಾಲುಗಳು ಸಲೀಸಾಗಿ ಹೋದವು, ನಲವತ್ತೊಂದು ಮಾತ್ರ ಬಾಗಿಲಲ್ಲೇ ಸಿಕ್ಕಿಕೊಂಡವು. ತೆಗೆದು ನೋಡಿದೆ. ಎಲ್ಲದರಲ್ಲೂ ಹಿಂತಿರುಗಿಸುವ ದಿನ ಫೆಬ್ರವರಿ ಮೂವತ್ತು.

ನಾನು ಒಬ್ಬಳೇ ಕೂತು ನಕ್ಕೆ. ಹದಿನೆಂಟು ವರ್ಷ ಈ ಪ್ರೋಗ್ರಾಮು ಫೆಬ್ರವರಿ ಮೂವತ್ತನ್ನು ಕಣ್ಣು ಮುಚ್ಚಿಕೊಂಡು ಒಪ್ಪಿದೆ, ಬರೆದವರು ಒಂದು ತಪಾಸಣೆಯನ್ನೂ ಹಾಕಿಲ್ಲ. ಪಣ ಗೆದ್ದ ದಿನ ಊಟದ ಹೊತ್ತಿಗೆ ಬಡಿಸಲು ಇದಕ್ಕಿಂತ ರುಚಿಯಾದದ್ದು ಸಿಗುವುದಿಲ್ಲ ಎಂದು ಮನಸ್ಸಿನಲ್ಲೇ ಮುಚ್ಚಿಟ್ಟುಕೊಂಡೆ. ನಲವತ್ತೊಂದು ಸಲ ಒಂದೇ ಕೈತಪ್ಪು ಯಾರಿಗೂ ಆಗುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಆ ತಾರೀಖುಗಳನ್ನು ತುಂಬಿಸಿದ ಸ್ಟೋರಮ್ಮ ಐದು ಹೆಜ್ಜೆ ಆಚೆ ಕೂತು ಚಹಾ ಕುಡಿಯುತ್ತಿದ್ದರು, ಎದ್ದು ಹೋಗಿ ಕೇಳಿದ್ದರೆ ಸಾಕಿತ್ತು. ಆದರೆ ಕೇಳಿದರೆ ಅವರು ಅತ್ತೆಗೆ ಫೋನ್ ಮಾಡುತ್ತಾರೆ, ಅಲ್ಲಿಗೆ ನನ್ನ ಪಣ ಮುಗಿಯುತ್ತದೆ. ಕೇಳಲಿಲ್ಲ.

ತಿದ್ದುವುದೇನೋ ಸುಲಭ. ಇಪ್ಪತ್ತೆಂಟರ ಮುಂದೆ ಎರಡು ದಿನ ಎಣಿಸಿದರೆ ಮಾರ್ಚ್ ಎರಡು. ಇಪ್ಪತ್ತೊಂಬತ್ತು ದಿನದ ಫೆಬ್ರವರಿ ಇದ್ದ ವರ್ಷಗಳಿಗೆ ಮಾರ್ಚ್ ಒಂದು ಎಂದು ಬೇರೆ ಲೆಕ್ಕ ಹಾಕಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ಅತ್ತೆಯ ಕೋಡು ಹಿಂತಿರುಗಿಸುವ ದಿನ ಇವತ್ತೇ ಆಗಿದ್ದರೆ ಮಾತ್ರ ಸಂದೇಶ ಕಳಿಸುತ್ತಿತ್ತು. ಅವತ್ತು ಸರ್ವರು ಮಲಗಿದ್ದರೆ ಮುಗಿಯಿತು, ಮತ್ತೆಂದೂ ಸಂದೇಶವಿಲ್ಲ. ನಾನದನ್ನು, ದಿನ ದಾಟಿದವರಿಗೆಲ್ಲ ಕಳಿಸು ಎಂದು ಬದಲಾಯಿಸಿದೆ. ಸಂದೇಶದ ಮಾತುಗಳೂ ತೀರಾ ಮೆತ್ತಗಿದ್ದವು, ಅವಕ್ಕೂ ಸ್ವಲ್ಪ ಖಾರ ಹಾಕಿದೆ: 'ತಾವು ಪಡೆದ ಸಲಕರಣೆಯ ಅವಧಿ ಮುಗಿದಿದೆ. ಮೂರು ದಿನದೊಳಗೆ ಹಿಂತಿರುಗಿಸಿ. ಇತರರು ಕಾಯುತ್ತಿದ್ದಾರೆ.'

ಗುರುವಾರ ಬೆಳಿಗ್ಗೆ ಹೊಸದನ್ನು ಚಾಲೂ ಮಾಡಿದೆವು. ಪರದೆ ಪಳಪಳ ಎನ್ನುತ್ತಿತ್ತು. ಸ್ಟೋರಮ್ಮ ಮೊದಲ ಗಿರಾಕಿಗೆ ಒಂದು ಜೊತೆ ಊರುಗೋಲು ಕೊಟ್ಟು, ಚೀಟಿ ಅಚ್ಚಾಗಿ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ, ಅಕ್ಷರ ದೊಡ್ಡದಾಗಿದೆ, ಒಳ್ಳೆಯದಾಯಿತು ಎಂದರು. ನನಗೆ ಕೊಂಬು ಮೂಡಿದಂತಾಯಿತು. ಹತ್ತು ಗಂಟೆಗೆ ಸಂದೇಶ ಕಳಿಸುವ ಭಾಗ ತಾನಾಗಿ ಓಡಿತು. ಮಾಮೂಲಿನಂತೆ ದಿನಕ್ಕೆ ಎರಡೋ ಮೂರೋ ಹೋಗುತ್ತಿದ್ದವು. ಅವತ್ತು ನಲವತ್ತನಾಲ್ಕು ಹೋದವು. ಬಾಕಿ ಉಳಿದಿದ್ದವರೆಲ್ಲ ಈಗ ಓಡೋಡಿ ತಂದುಕೊಡುತ್ತಾರೆ ಎಂದು ಸ್ಟೋರಮ್ಮನಿಗೆ ಹೆಮ್ಮೆಯಿಂದ ಹೇಳಿದೆ.

ಹತ್ತೂಕಾಲಿಗೆ ಮೊದಲ ಫೋನು ಬಂತು. ಸ್ಟೋರಮ್ಮ ಎತ್ತಿದರು, ಬಹಳ ಹೊತ್ತು ಕೇಳಿಸಿಕೊಂಡರು, ತಪ್ಪಾಯಿತು, ತಪ್ಪಾಯಿತು ಎಂದು ಎರಡು ಸಲ ಹೇಳಿ ಇಟ್ಟರು. ಇಡುತ್ತಿದ್ದಂತೆ ಮತ್ತೆ ಹೊಡೆದುಕೊಂಡಿತು. ಅವರು ಅದನ್ನು ಎತ್ತದೆ ನನ್ನ ಕಡೆ ತಿರುಗಿ, ಯಾರಿಗೆಲ್ಲ ಕಳಿಸಿದಿರಿ ಎಂದು ಕೇಳಿದರು. ನಾನು ಪಟ್ಟಿ ತೋರಿಸಿದೆ. ಅವರು ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದಿದರು.

"ಇವರು ತಂದುಕೊಡೋರಲ್ಲಮ್ಮ" ಎಂದರು. "ಕೆಲವರಿಗೆ ಬದುಕಿರೋವರೆಗೂ ಬೇಕು. ಇನ್ನು ಕೆಲವರಿಗೆ ಎಷ್ಟು ದಿನ ಅಂತ ಡಾಕ್ಟರಿಗೂ ಗೊತ್ತಿಲ್ಲ. ಎದುರಿಗೆ ನಿಂತು ಕಣ್ಣಲ್ಲಿ ನೀರು ಹಾಕ್ಕೊಂಡು ಮಂಚ ಕೇಳೋರಿಗೆ ನಾನು ಯಾವ ತಾರೀಖು ಬರೀಲಿ? ಬರದೇ ಇರೋ ದಿನ ಬರೀತೀನಿ. ಆ ದಿನ ಬರಲ್ಲ, ಮೆಸೇಜೂ ಹೋಗಲ್ಲ."

ಅದಕ್ಕೆ ಬೇರೆ ಒಂದು ಗುರುತು ಮಾಡಿಸಿಕೊಳ್ಳಬಹುದಿತ್ತಲ್ಲ, ಟಿಕ್ ಹಾಕಲು ಒಂದು ಜಾಗ, ಎಂದು ತೊದಲಿದೆ. ಅವರು ಪರದೆಯತ್ತ ಬೆರಳು ತೋರಿಸಿದರು. ಅದು ಎಂದಿನಂತೆ ಬಂದವರ ಕಡೆ ತಿರುಗಿತ್ತು. ಗುಣವಾಗುವುದಿಲ್ಲ ಎಂದು ಬರೆದು ಅದರ ಮುಂದೆ ಟಿಕ್ ಹಾಕಿದರೆ ಅವರು ಓದುವುದಿಲ್ಲವೇ ಎಂದು ಕೇಳಿದರು. ತಾರೀಖಾದರೆ ಯಾರೂ ಗಮನವಿಟ್ಟು ಓದುವುದಿಲ್ಲವಂತೆ. ಹದಿನೆಂಟು ವರ್ಷದ ಹಿಂದೆ ಇದನ್ನೆಲ್ಲ ಯೋಚಿಸಿ ಈ ಉಪಾಯ ಮಾಡಿದವರು ಅವರು ಮತ್ತು ಅತ್ತೆ, ಇಬ್ಬರೂ ಸೇರಿ.

ನಲವತ್ತೊಂದು ಮನೆಗಳಲ್ಲಿ ನಲವತ್ತೊಂದು ಫೋನುಗಳು ಸದ್ದು ಮಾಡಿವೆ, ಹಾಸಿಗೆ ಹಿಡಿದವರ ತಲೆಯ ಹತ್ತಿರ, ಮೂರು ದಿನದೊಳಗೆ ಹಿಂತಿರುಗಿಸಿ ಎಂದು. ಇತರರು ಕಾಯುತ್ತಿದ್ದಾರೆ ಎಂಬ ಮಾತು ನಾನೇ ಸೇರಿಸಿದ್ದು. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಮೊದಲು ಸಂದೇಶ ಕಳಿಸುವ ಭಾಗವನ್ನು ನಿಲ್ಲಿಸಿದೆ, ಆಮೇಲೆ ಅತ್ತೆಗೆ ಫೋನ್ ಮಾಡಿದೆ. ಹಿಂದಿನಿಂದ ಚೆಂಡಿನ ಟಕಟಕ ಕೇಳುತ್ತಿತ್ತು. ಏನಾಯಿತೆಂದು ಹೇಳಿ, "ಅತ್ತೆ, ಈಗೇನು ಮಾಡ್ಲಿ?" ಎಂದೆ. ಅದು ಪ್ರಶ್ನೆಯೇ ಆಗಿತ್ತು, ಪಣ ಅಲ್ಲಿಗೆ ಹೋಯಿತು, ಅದರ ನೆನಪೂ ನನಗಾಗಲಿಲ್ಲ.

ಹತ್ತೇ ನಿಮಿಷದಲ್ಲಿ ಅತ್ತೆ ಆಟದ ಬೂಟಿನಲ್ಲೇ ಬಂದರು, ಬ್ಯಾಟು ಇನ್ನೂ ಕೈಯಲ್ಲಿತ್ತು. ನಾನು ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದೆ. ಅವರು ಬ್ಯಾಟನ್ನು ಕೌಂಟರಿನ ಮೇಲಿಟ್ಟು ಕನ್ನಡಕ ಹಾಕಿಕೊಂಡರು.

"ಪಾತ್ರೆ ವಿಷಯ ಆಮೇಲೆ. ಪಟ್ಟಿ ಕೊಡು" ಎಂದರು.

ಪಟ್ಟಿಯನ್ನು ಮೂರು ಪಾಲು ಮಾಡಿ, ಮೂವರೂ ಮೂರು ಮೂಲೆಯಲ್ಲಿ ಕೂತು ಫೋನ್ ಮಾಡಲು ಶುರುಮಾಡಿದೆವು. ನಾನು ಬದುಕಿನಲ್ಲಿ ಅಷ್ಟು ಸಲ ಕ್ಷಮೆ ಕೇಳಿದ್ದಿಲ್ಲ. ಒಬ್ಬ ಹೆಂಗಸು ಐದು ನಿಮಿಷ ನನ್ನ ಜನ್ಮ ಜಾಲಾಡಿದರು, ಸರಿ ಎಂದು ಕೇಳಿಸಿಕೊಂಡೆ. ಒಬ್ಬ ಟೈಲರು, ಮಂಚ ಬಿಟ್ಟುಕೊಟ್ಟರೆ ನಮ್ಮಪ್ಪನ ಬೈಗುಳದಿಂದ ಎರಡು ದಿನವಾದರೂ ಬಿಡುಗಡೆ ಸಿಗುತ್ತಿತ್ತು ಎಂದು ನಕ್ಕರು, ಹಿಂದಿನಿಂದ ಅಪ್ಪ ಬೈಯುವುದೂ ಕೇಳಿಸಿತು. ಇನ್ನೊಬ್ಬಾಕೆಯ ತಾಯಿ ತೀರಿಹೋಗಿ ಎಂಟು ತಿಂಗಳಾಗಿತ್ತಂತೆ. ಮಂಚ ಆ ಕೋಣೆಯಲ್ಲೇ ಇದೆ, ತಂದುಕೊಡಲು ಮನಸ್ಸು ಬರುತ್ತಿಲ್ಲ, ನೀವು ಕೇಳಿದಿರಲ್ಲ, ಇನ್ನು ತರುತ್ತೇನೆ ಎಂದರು. ನೀವಾಗಿ ತರಬೇಕೆನಿಸಿದಾಗ ತನ್ನಿ ಎಂದೆ.

ಹನ್ನೆರಡಕ್ಕೆ ಮುಂಚೆ ನಲವತ್ತು ಮುಗಿಯಿತು. ಉಳಿದದ್ದು ಒಬ್ಬರು, ಭೂಗೋಳದ ಮೇಷ್ಟ್ರು. ಸ್ಟೋರಮ್ಮನ ಮಗ, ನನ್ನ ಗಂಡ, ಊರಿನ ಅರ್ಧ ಜನ ಅವರ ಹತ್ತಿರ ಕಲಿತವರೇ. ಅವರ ಹೆಂಡತಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ನಾಲ್ಕು ವರ್ಷ. ನಮ್ಮ ವೀಲ್‌ಚೇರಿನಲ್ಲೇ ಆಕೆ ಮನೆಯೊಳಗೆ ಓಡಾಡುವುದು, ಸಂಜೆ ಬೀದಿಯ ತುದಿಯವರೆಗೆ ಹೋಗಿ ಬರುವುದು. ಅತ್ತೆ ಮೂರು ಸಲ ಮಾಡಿದರು, ನಾನು ಎಂಟು ಸಲ ಮಾಡಿದೆ. ಗಂಟೆ ಬಾರಿಸುತ್ತಿತ್ತು, ಎತ್ತುವವರಿಲ್ಲ. ಸ್ಟೋರಮ್ಮ ಕುರ್ಚಿಯಲ್ಲಿ ಕೂರಲಾರದೆ ಎದ್ದು ನಿಂತರು. "ಅವರು ಮೂರು ದಿನ ಕಾಯೋರಲ್ಲ. ಒಂದು ದಿನ ಮುಂಚೆನೇ ಒಪ್ಪಿಸೋ ಜನ. ಇವತ್ತೇ ಹೊರಟಿರ್ತಾರೆ" ಎಂದರು.

ಅತ್ತೆ ಆಗಲೇ ಕಾರಿನ ಕೀಲಿ ಹುಡುಕುತ್ತಿದ್ದರು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಅತ್ತೆ ಟೇಬಲ್ ಟೆನಿಸ್ ಆಡುವ ಹಾಗೆಯೇ ಕಾರು ಓಡಿಸುತ್ತಾರೆ, ಎದುರಿನವರಿಗೆ ಯೋಚಿಸಲು ಸಮಯ ಕೊಡುವುದಿಲ್ಲ. ಬೇರೆ ದಿನವಾಗಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಅವತ್ತು ಎರಡೂ ಫುಟ್‌ಪಾತುಗಳನ್ನು ನೋಡುತ್ತ ಕೂತಿದ್ದೆ. ಟೈರಿನ ಅಂಗಡಿ ದಾಟಿತು, ಬೇಕರಿ ದಾಟಿತು. ಕನ್ನಡಕದ ಅಂಗಡಿಯ ಮುಂದೆ ಸಿಗ್ನಲ್ಲಿನಲ್ಲಿ ನಿಂತಾಗ ಅವರು ಕಂಡರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಎತ್ತರದ ಮುದುಕರು, ನಡುಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ವೀಲ್‌ಚೇರನ್ನು ತಳ್ಳಿಕೊಂಡು ನಮ್ಮ ಕೇಂದ್ರದ ದಿಕ್ಕಿಗೆ ಬರುತ್ತಿದ್ದರು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸಿ ಹೊಳೆಯಿಸಿದ್ದರು. ಸೀಟಿನ ಮೇಲೆ ಗಾಳಿ ಹೊಡೆಯುವ ಪಂಪು, ಅದರ ಜೊತೆ ಒಂದು ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕು ವರ್ಷದ ಹಿಂದಿನ ಚೀಟಿ.

ನಾನು ಸಿಗ್ನಲ್ಲಿನಲ್ಲೇ ಇಳಿದು ಓಡಿದೆ. ಏದುಸಿರು ಬಿಡುತ್ತ ಎಲ್ಲ ಒಪ್ಪಿಕೊಂಡೆ: ಸಂದೇಶ ತಪ್ಪು, ಹೊಸ ಪ್ರೋಗ್ರಾಮು ಬರೆದವಳು ನಾನೇ, ಯಾರೂ ಕಾಯುತ್ತಿಲ್ಲ, ಸ್ಟೋರಿನಲ್ಲಿ ಇನ್ನೂ ಹದಿನೇಳು ವೀಲ್‌ಚೇರುಗಳಿವೆ, ದಯವಿಟ್ಟು ವಾಪಸು ತೆಗೆದುಕೊಂಡು ಹೋಗಿ. ಅವರು ನಾನು ಹೇಳುವುದನ್ನೆಲ್ಲ ಕೇಳಿದರು. ಉತ್ತರ ತಪ್ಪಿದ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು, ಆದರೆ ಸಿಟ್ಟಿನಿಂದಲ್ಲ. ಚೀಲದಿಂದ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು.

"ಮೊದಲ ದಿನವೇ ನೋಡಿದ್ದೆ ಈ ತಾರೀಖನ್ನ" ಎಂದರು. "ಕೈತಪ್ಪು ಅಂದ್ಕೊಂಡು ಹೇಳೋಕೆ ಅಂತ ತಿರುಗಿ ಬಂದೆ. ಬಾಗಿಲಲ್ಲಿ ನಿಂತಾಗ ಆಯಮ್ಮ ಇನ್ನೊಬ್ಬರಿಗೂ ಅದೇ ತಾರೀಖು ಬರೀತಿದ್ರು. ಆಗ ಅರ್ಥ ಆಯ್ತು. ಸುಮ್ಮನೆ ಮನೆಗೆ ಹೋದೆ." ಚೀಟಿಯನ್ನು ವಾಪಸು ತೆಗೆದುಕೊಂಡು ಚೀಲದಲ್ಲಿಟ್ಟರು. "ಫೆಬ್ರವರಿಗೆ ಮೂವತ್ತು ಇಲ್ಲ ಅಂತ ಮಕ್ಕಳಿಗೆ ಹೇಳಿಕೊಟ್ಟೋನು ನಾನು. ನಾಲ್ಕು ವರ್ಷ ಆ ಧೈರ್ಯದ ಮೇಲೇ ಇದ್ದೆ. ಬೆಳಿಗ್ಗೆ ನಿಮ್ಮ ಮೆಸೇಜು ನೋಡಿ, ಆ ದಿನಾನೂ ಬಂದೇಬಿಡ್ತಲ್ಲ ಅನ್ನಿಸ್ತು."

ನಾನು ವೀಲ್‌ಚೇರಿನ ಹಿಡಿಯನ್ನು ಅವರ ಕೈಯಿಂದ ತೆಗೆದುಕೊಂಡು ಬಂದ ದಾರಿಗೆ ತಿರುಗಿಸಿದೆ. ಕಾರಿನಲ್ಲಿ ಹೋಗೋಣ, ಇದು ಮಡಚಿಕೊಳ್ಳುತ್ತದೆ ಎಂದೆ. ಮೇಷ್ಟ್ರು ಒಪ್ಪಲಿಲ್ಲ, ತಳ್ಳಿಕೊಂಡು ನಡೆದೇ ಅಭ್ಯಾಸವೆಂದರು. ಸರಿ, ಇಬ್ಬರೂ ನಡೆದೆವು. ಅತ್ತೆ ನಮ್ಮ ಹಿಂದೆ ನಡಿಗೆಯ ವೇಗದಲ್ಲಿ ಕಾರು ಓಡಿಸಿಕೊಂಡು ಬಂದರು. ಅವರ ಹಿಂದೆ ಇಡೀ ಬೀದಿ ಹಾರ್ನು ಬಾರಿಸುತ್ತಿತ್ತು, ಅವರು ಯಾರಿಗೂ ಸೊಪ್ಪು ಹಾಕಲಿಲ್ಲ. ದಾರಿಯಲ್ಲಿ ಮೇಷ್ಟ್ರು ನನ್ನ ಗಂಡನ ಹೆಸರು ಕೇಳಿ ತಿಳಿದುಕೊಂಡು, ಅವನು ಏಳನೇ ತರಗತಿಯಲ್ಲಿ ನಕ್ಷೆಯ ಮೇಲೆ ಸಮುದ್ರವನ್ನು ಹಸಿರು ಮಾಡಿದ್ದನ್ನು ನೆನಪಿಸಿಕೊಂಡರು. ಆಗ ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು.

ಅವರದು ನೆಲಮಹಡಿಯ ಎರಡು ಕೋಣೆಯ ಮನೆ. ಹೊಸ್ತಿಲ ಮೇಲೆ ಚಕ್ರ ಹತ್ತಲು ಎರಡು ಹಲಗೆಗಳನ್ನು ಜೋಡಿಸಿ ಮೊಳೆ ಹೊಡೆದಿದ್ದರು. ಒಳಗೆ ಹೋಗುವ ಮುಂಚೆ ಅವರು ತಗ್ಗಿದ ದನಿಯಲ್ಲಿ ನನ್ನನ್ನು ಬೇಡಿಕೊಂಡರು: ಹಿಂತಿರುಗಿಸಲು ಹೋಗಿದ್ದೆ ಎಂದು ಅವಳಿಗೆ ಗೊತ್ತಿಲ್ಲ, ಚಕ್ರಕ್ಕೆ ಗಾಳಿ ತುಂಬಿಸಿಕೊಂಡು ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ. ನಾನು ಆಗಲಿ ಎಂದು ತಲೆಯಾಡಿಸಿದೆ. ಅತ್ತೆ ಕಾರು ನಿಲ್ಲಿಸಿ ಬಂದು ನಮ್ಮನ್ನು ಕೂಡಿಕೊಂಡರು.

ಕಿಟಕಿಯ ಪಕ್ಕದ ಮಂಚದಲ್ಲಿ ಆಕೆ ದಿಂಬಿಗೆ ಒರಗಿಕೊಂಡಿದ್ದರು. ಸಣ್ಣ ದೇಹ, ತಲೆ ನೀಟಾಗಿ ಬಾಚಿತ್ತು. ಮಂಚದ ಪಕ್ಕದಲ್ಲಿ ವೀಲ್‌ಚೇರು ನಿಲ್ಲುವ ಕಡೆ ನೆಲದ ಮೇಲೆ ಎರಡು ಕಪ್ಪು ಗೆರೆಗಳಿದ್ದವು. ಮೇಷ್ಟ್ರು ಕುರ್ಚಿಯನ್ನು ಆ ಗೆರೆಗಳ ಮೇಲೆ ಸರಿಯಾಗಿ ತಂದು ನಿಲ್ಲಿಸಿ, ಗಾಳಿ ತುಂಬಿಸಿ ಆಯಿತು, ಇವರು ಕೇಂದ್ರದವರು, ಹಾಗೇ ನೋಡಿಕೊಂಡು ಹೋಗಲು ಬಂದಿದ್ದಾರೆ ಎಂದರು. ಆಕೆ ಗಂಡನನ್ನೊಮ್ಮೆ, ಸೀಟಿನ ಮೇಲಿದ್ದ ಪಂಪನ್ನೊಮ್ಮೆ ನೋಡಿದರು. ಮನೆಯಲ್ಲೇ ಪಂಪಿರುವಾಗ ಗಾಳಿ ತುಂಬಿಸಲು ಹೊರಗೆ ಹೋದವರನ್ನು ಅವರು ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲವೆಂದು ಕಾಣುತ್ತದೆ. ನೀರು ತನ್ನಿ ಎಂದು ಅವರನ್ನು ಒಳಗೆ ಕಳಿಸಿ, ದಿಂಬಿನ ಕೆಳಗಿನಿಂದ ಫೋನನ್ನು ಹೊರತೆಗೆದರು.

"ಇದನ್ನ ನನ್ನ ಹತ್ರ ಬಿಟ್ಟು ಹೋಗಿದ್ರು. ಮೆಸೇಜು ನಾನೂ ಓದಿದೆ" ಎಂದರು. "ನೀವು ಹನ್ನೊಂದು ಸಲ ಫೋನ್ ಮಾಡಿದ್ರಿ. ಪ್ರತಿ ಸಲ ಇದನ್ನ ಕೈಯಲ್ಲೇ ಹಿಡ್ಕೊಂಡಿದ್ದೆ. ಎತ್ತಿದ್ರೆ ಬೇಗ ಕೊಡಿ ಅಂತೀರೇನೋ ಅಂತ ಎತ್ತಲಿಲ್ಲ."

ನಾನು ಅವರ ಮಂಚದ ಹತ್ತಿರ ನೆಲದ ಮೇಲೇ ಕೂತೆ. ಫೋನ್ ಮಾಡಿದ್ದೇ ಕುರ್ಚಿ ಇಟ್ಟುಕೊಳ್ಳಿ ಎಂದು ಹೇಳಲು, ತಪ್ಪು ನನ್ನದೇ, ಇನ್ನೆಂದೂ ಯಾರೂ ಕೇಳುವುದಿಲ್ಲ ಎಂದೆ. ಮಾತು ಆಡುವಾಗಲೇ ನನಗೆ ಅದು ಎಷ್ಟು ತೆಳುವಾಗಿ ಕೇಳಿಸಿತೆಂದರೆ ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟು ನಿಂತರು.

"ನನಗೆ ಹೇಳಿದ್ರೆ ಸಾಕು, ನಂಬ್ತೀನಿ" ಎಂದರು ಆಕೆ. "ಅವರಿಗೆ ಸಾಲದು. ಬರೆದು ಕೊಟ್ಟಿದ್ದನ್ನ ಮಾತ್ರ ನಂಬೋ ಮನುಷ್ಯ. ನಾಳೆ ಬೆಳಿಗ್ಗೆ ಮತ್ತೆ ಒರೆಸಿ ನಿಲ್ಲಿಸ್ತಾರೆ. ಬೇಡ ಅಂತಾನೂ ಮೆಸೇಜು ಹಾಕಿ."

ಒಳಗೆ ಲೋಟಗಳ ಸದ್ದಾಗುತ್ತಿತ್ತು. ನಾನು ನನ್ನ ಲ್ಯಾಪ್‌ಟಾಪನ್ನು ಕಾರಿನಿಂದ ತಂದು ಅಲ್ಲೇ ನೆಲದ ಮೇಲೆ ತೆರೆದೆ. ಅವಧಿ, ಹಿಂತಿರುಗಿಸಿ, ಇತರರು, ನನ್ನ ಆ ಮಾತುಗಳನ್ನೆಲ್ಲ ಅಳಿಸಿದೆ. ಖಾಲಿ ಜಾಗವನ್ನು ನೋಡುತ್ತ ಕೂತರೆ ಏನು ಬರೆಯಬೇಕೆಂದು ತೋಚಲಿಲ್ಲ. ಏನು ಬರೆಯಲಿ ಎಂದು ಆಕೆಯನ್ನೇ ಕೇಳಿದೆ. ಅವರು ಯೋಚಿಸಿ, ಒಂದೊಂದೇ ಪದವಾಗಿ ಹೇಳಿದರು, ನಾನು ಹಾಗೆಯೇ ಒತ್ತಿದೆ. ಮೇಷ್ಟ್ರು ತಟ್ಟೆಯಲ್ಲಿ ನೀರಿನ ಲೋಟಗಳನ್ನಿಟ್ಟುಕೊಂಡು ಬರುವ ಹೊತ್ತಿಗೆ ಫೋನು ಸದ್ದು ಮಾಡಿತು. ಅವರು ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟು, ಕನ್ನಡಕ ಹುಡುಕಿ ಹಾಕಿಕೊಂಡು, ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು:

"ಕುರ್ಚಿ ಅವಳದೇ. ನೀವು ತರಬೇಡಿ."

ಓದಿ ಅಲ್ಲೇ ನಿಂತರು. ಆಕೆ ಕಿಟಕಿಯ ಕಡೆ ನೋಡುತ್ತ, ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಓದಿ ಎಂದರು.